ಬೆಳ್ಯಪ್ಪನವರು ಕೆರೆಗೆ ಹಾಕಿದ ಮದ್ದು

ಕೊಡಗು ಇನ್ನೂ ಮೈಸೂರಿಗೆ ಸೇರದೆ ತಾನೇ ಒಂದು ರಾಜ್ಯವಾಗಿದ್ದ ಕಾಲ, ಐವತ್ತರ ದಶಕದ ಮೊದಲ ವರ್ಷಗಳು. ನಾನು ಮಡಿಕೇರಿಯಲ್ಲಿ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಆಗಿದ್ದೆ. ಕಡಲ ಕರೆಯಲ್ಲಿ ಹುಟ್ಟಿದವನನ್ನು ಬೆಟ್ಟದ ಮೇಲೆ ಮೀನು ಸಾಕಲು ಕಳಿಸಿದ್ದಾರೆಂದು ಊರಿನ ಗೆಳೆಯರು ನಗುತ್ತಿದ್ದರು. ನಗುವಂಥದ್ದೇ ಆಗಿತ್ತು. ಆಫೀಸೆಂದರೆ ಒಂದು ಮೇಜು, ಒಂದು ಬೀರು, ಮೀನುಮರಿ ಸಾಗಿಸುವ ಕೆಲವು ತಗಡಿನ ಡಬ್ಬ. ಕಾಟ್ಲಾ ಮರಿಗಳು ಮೈಸೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದವು. ನೀರಿಗೆ ಗಾಳಿ ಬೆರೆಯಲೆಂದು ದಾರಿಯುದ್ದಕ್ಕೂ ನಾನು ಡಬ್ಬದೊಳಗೆ ಕೈಯಾಡಿಸುತ್ತ ಕೂರಬೇಕಿತ್ತು. ಪಕ್ಕದವರ ಪಂಚೆ ಒದ್ದೆಯಾಗಿ ಎಷ್ಟು ಬೈಗುಳ ತಿಂದಿದ್ದೇನೋ ಲೆಕ್ಕವಿಲ್ಲ.

ಸಣ್ಣ ಹಿಡುವಳಿಯವರಿಂದ ಕೆರೆ ತೋಡಿಸಿ ಮೀನು ಸಾಕಿಸುವುದು ನನ್ನ ಕೆಲಸ. ಭಾಗಮಂಡಲದಿಂದ ಕರಿಕೆಯ ಕಡೆಗೆ ಇಳಿಯುವ ಊರುಗಳಲ್ಲಿ ಆಗ ಮೀನೆಂದರೆ ಘಟ್ಟದ ಕೆಳಗಿನಿಂದ ತಲೆಹೊರೆಯಲ್ಲಿ ಬರುವ ಒಣಮೀನು. ಹಸಿ ಮೀನು ಸಿಕ್ಕರೆ ಜನ ಬಿಡುವವರಲ್ಲ. ಆ ಧೈರ್ಯದ ಮೇಲೆ ನಾನು ಊರೂರು ಅಲೆದೆ. ಕೇಳಿದವರು ಹಲವರು, ಗುದ್ದಲಿ ಹಿಡಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬಳು ಗಂಗಮ್ಮ.

ಗಂಗಮ್ಮ ಅರೆಭಾಷೆ ಗೌಡರ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗಂಡನ ಮನೆಯವರ ಗದ್ದೆಯ ತಲೆಯಲ್ಲಿ ಎಮ್ಮೆ ಇಳಿದರೆ ಹೂತುಹೋಗುವಂಥ ಒಂದು ಜೌಗು ನೆಲವಿತ್ತು. ಅವಳ ಭಾವ ಕುಶಾಲಪ್ಪ ಅದನ್ನು ಕೆರೆಗೆ ಬಿಟ್ಟುಕೊಟ್ಟಿದ್ದರು. "ಮೀನಾದ್ರೆ ಆ ಜಾಗ ನಿಂಗೇ ಇರ್ಲಿ. ಆಗದಿದ್ರೆ ಮಣ್ಣು ತುಂಬ್ಸಿ ಬಾಳೆ ಹಾಕುವೊ" ಎಂದು ನನ್ನ ಎದುರಿಗೇ ಹೇಳಿದ್ದರು. ಕೆಟ್ಟ ಮನುಷ್ಯನಲ್ಲ. ಹೇಳಿದ್ದಕ್ಕೆ ತಪ್ಪುವವರೂ ಅಲ್ಲ.

ಅವಳಿಗೆ ಕೆರೆ ಬೇಕಾಗಿದ್ದುದು ಅಪ್ಪನ ಸಲುವಾಗಿ. ಬೆಳ್ಯಪ್ಪನವರು ಬಿಳಿಯರ ಕಾಫಿ ಎಸ್ಟೇಟೊಂದರಲ್ಲಿ ಸ್ಪ್ರೇ ಮೇಸ್ತ್ರಿಯಾಗಿ ಆಯುಷ್ಯ ಸವೆಸಿದವರು. ಉಬ್ಬಸ ಹಿಡಿದು ಕೆಲಸ ಬಿಟ್ಟಾಗ ಮಗಳು ಕರೆತಂದು ಇಟ್ಟುಕೊಂಡಿದ್ದಳು. ದಮ್ಮು ಎಳೆಯತೊಡಗಿದರೆ ಬೆನ್ನು ನೀವಲು ಯಾರಾದರೂ ಹತ್ತಿರ ಇರಲೇಬೇಕು. ಗಂಗಮ್ಮ ಏಲಕ್ಕಿ ಮಲೆಗೆ ಕೂಲಿಗೆ ಹೋದ ದಿನಗಳಲ್ಲಿ ಮುದುಕರು ಒಬ್ಬರೇ ಒದ್ದಾಡುತ್ತಿದ್ದರು. ಮನೆಯೆದುರೇ ಕೆರೆಯಾದರೆ ದುಡಿಮೆಯೂ ಆಯಿತು, ಅಪ್ಪನ ಪಕ್ಕದಲ್ಲಿ ಇದ್ದ ಹಾಗೂ ಆಯಿತು. ಜೌಗಿನಲ್ಲಿ ಮೊಣಕಾಲುದ್ದ ನಿಂತು ಅವಳೇ ಕೆಸರು ಹೊತ್ತು ಹಾಕಿದಳು. ಮಳೆಗಾಲ ಕಳೆಯುವ ಹೊತ್ತಿಗೆ ಮರಿ ಬಿಟ್ಟೆವು. ತೌಡು ತಿಂದು ಮೀನು ಚೆನ್ನಾಗಿಯೇ ಬೆಳೆದವು. ಮೀನು ಹಿಡಿಯುವ ದಿನ ನಮಗೂ ಇಡಿ ಎಂದು ಅಕ್ಕಪಕ್ಕದವರು ಆಗಲೇ ಹೇಳಿಟ್ಟಿದ್ದರು.

ಕೆರೆ ನೋಡಲು ಹೋದಾಗಲೆಲ್ಲ ಬೆಳ್ಯಪ್ಪನವರು ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಬೋರ್ಡೋ ದ್ರಾವಣದ ಪಾಠ ಹೇಳುತ್ತಿದ್ದರು. ಮೈಲುತುತ್ತು ಎಂಬ ತಾಮ್ರದ ಉಪ್ಪನ್ನೂ ಸುಣ್ಣವನ್ನೂ ಬೇರೆ ಬೇರೆ ಕದಡಿ ಮರದ ಪೀಪಾಯಿಯಲ್ಲಿ ಬೆರೆಸುವ ಈ ನೀಲಿ ಮದ್ದು ಕಾಫಿ ಗಿಡದ ಬೂಷ್ಟು ರೋಗಗಳಿಗೆಲ್ಲ ರಾಮಬಾಣ. ಬೆರೆಸಿದ ಮೇಲೆ ಹೊಳೆಯುವ ಚೂರಿಯನ್ನು ಅದರಲ್ಲಿ ಅದ್ದಬೇಕು. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ತಾವು ಬೆರೆಸಿದ್ದರಲ್ಲಿ ಚೂರಿ ಒಂದು ಸಲವೂ ಕೆಂಪಾಗಿಲ್ಲವೆಂದು ಕೆಮ್ಮುತ್ತ ಕೆಮ್ಮುತ್ತ ಹೇಳುವರು. ಅವರು ಮಾತು ಮುಗಿಸುವಷ್ಟರಲ್ಲಿ ನನ್ನ ಕಾಫಿ ತಣ್ಣಗಾಗಿರುತ್ತಿತ್ತು. ಆದರೂ ಆ ಮನುಷ್ಯ ನನಗೆ ಬಹಳ ಇಷ್ಟ.

ಮಾಗಿಯ ಚಳಿಯಲ್ಲಿ ಕೆಲವು ಮೀನುಗಳ ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಾಣಿಸಿತು. ಚಳಿಗಾಲದಲ್ಲಿ ಅದು ಇದ್ದದ್ದೇ. ಕೆರೆಗೆ ಸ್ವಲ್ಪ ಅರಳಿದ ಸುಣ್ಣ ಎರಚು, ಬಿಸಿಲು ಏರಿದರೆ ತಾನಾಗಿ ಹೋಗುತ್ತದೆ ಎಂದು ಗಂಗಮ್ಮನಿಗೆ ಹೇಳಿ ನಾನು ಪೊನ್ನಂಪೇಟೆಯ ಕಡೆ ಟೂರಿಗೆ ಹೋದೆ. ಮಾತಾಡುವಾಗ ಮುದುಕರು ಅಲ್ಲಿಯೇ ಇದ್ದರು.

ಟೂರು ಮುಗಿಸಿ ಬಂದಾಗ ಬಸ್ಸಿನವರ ಕೈಯಲ್ಲಿ ಹೇಳಿಕೆ ಬಂದಿತ್ತು: ಮೀನೆಲ್ಲ ಸತ್ತಿವೆ. ಓಡೋಡಿ ಹೋದೆ. ಗಂಗಮ್ಮ ಸತ್ತ ಮೀನುಗಳನ್ನು ಕುಕ್ಕೆಯಲ್ಲಿ ತುಂಬಿ ಬಾಳೆಬುಡದಲ್ಲಿ ಹೂಳುತ್ತಿದ್ದಳು. ಅಳುತ್ತಿರಲಿಲ್ಲ. ಅವಳ ಮುಖ ನೋಡಲು ನನಗೇ ಆಗಲಿಲ್ಲ.

ನಾನು ನೀರಿಗೆ ಇಳಿದೆ. ಕೆಸರು ಕೆರೆ ತಳ ಕಾಣುವಷ್ಟು ತಿಳಿಯಾಗಿತ್ತು. ಬಸವನಹುಳು ಸತ್ತಿದ್ದವು, ಗೊದಮೊಟ್ಟೆ ಸತ್ತಿದ್ದವು. ಮೀನಿನ ಬೂಷ್ಟು ಬಸವನಹುಳುವನ್ನು ಕೊಲ್ಲುವುದಿಲ್ಲ. ದಡದ ಹುಲ್ಲಿನ ಬುಡದಲ್ಲಿ ತೆಳು ನೀಲಿ ಬಣ್ಣ ಒಣಗಿ ಕೂತಿತ್ತು.

ಜಗಲಿಗೆ ಬಂದು ಬೆಳ್ಯಪ್ಪನವರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಏನಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. "ಬೂಷ್ಟಿಗೆ ಬರೀ ಸುಣ್ಣ ಸಾಲ್ತದಾ ಸಾಹೇಬ್ರೆ? ಸುಣ್ಣ ಅಂದ್ರೆ ಅರ್ಧ ಮದ್ದು. ಮೈಲುತುತ್ತು ನಾನೇ ತರ್ಸಿ, ನಾನೇ ಬೆರ್ಸಿ ಹಾಕಿದೆ. ಚೂರಿ ಕೆಂಪಾಗ್ಲೇ ಇಲ್ಲೆ. ಆದ್ರೂ ಮೀನು ಉಳೀಲಿಲ್ಲೆ." ದಮ್ಮು ಕಟ್ಟಿ ಅವರಿಗೆ ಮುಂದೆ ಮಾತಾಡಲು ಆಗಲಿಲ್ಲ. ಆ ಉಬ್ಬಸದಲ್ಲಿ ಪೀಪಾಯಿ ಕಲಕಿದ್ದಾರೆ, ಕೆರೆಯ ಸುತ್ತ ನಡೆದು ಎರಚಿದ್ದಾರೆ. ಮಗಳ ಕೆರೆ ಉಳಿಸಲು ಜೀವ ತೇದಿದ್ದಾರೆ.

ಗಂಗಮ್ಮನನ್ನು ದಂಡೆಯ ಮೇಲೆ ಕರೆದು ನಿಜ ಹೇಳಿದೆ. ಗಿಡದ ಎಲೆಗೆ ಒಳ್ಳೆಯದಾದ ಮೈಲುತುತ್ತು ನೀರಿಗೆ ಬಿದ್ದರೆ ಮೀನಿಗೆ ವಿಷ. ನೀರಿನಲ್ಲಿ ದೋಷವಿಲ್ಲ, ಮಳೆಗೆ ಕೆರೆ ತೊಳೆದುಹೋದ ಮೇಲೆ ಮೇಲಿನ ಕೆಸರು ತೆಗೆದು ಮತ್ತೆ ಮರಿ ಬಿಡಬಹುದು. ಕುಶಾಲಪ್ಪನವರಿಗೆ ನಾನೇ ವಿವರಿಸುತ್ತೇನೆ, ಇನ್ನೊಂದು ವರ್ಷ ಕೊಡದೆ ಇರಲಾರರು ಎಂದೆ.

ಅವಳು ಕುಕ್ಕೆಯನ್ನು ದಂಡೆಯ ಮೇಲೆ ಇಟ್ಟಳು.

"ಭಾವಂಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ. ಅಪ್ಪನ ಕಿವಿಗೆ ಬೀಳದೆ ಇರುದಿಲ್ಲೆ" ಎಂದಳು. "ಅವ್ರಿಗೆ ಉಳ್ದಿರುದು ಆ ಮದ್ದಿನ ಕಸುಬಿನ ಹೆಸರೊಂದೇ. ನನ್ನ ಕೆರೇನ ತನ್ನ ಕೈಯಾರೆ ಕೊಂದೆ ಅಂತ ಗೊತ್ತಾದ್ರೆ ಮತ್ತೆ ಅನ್ನ ಮುಟ್ಟುದಿಲ್ಲೆ. ನೀವು ಹೇಳ್ಬೇಡಿ."

"ಹೇಳದಿದ್ದರೆ ಕೆರೆ ಹೋಗುತ್ತದಲ್ಲ ಗಂಗಮ್ಮ."

"ಹೋಗ್ಲಿ."

ಸಂಜೆ ಕುಶಾಲಪ್ಪ ಬಂದರು. ಮುದುಕರು ಗೋಡೆಗೊರಗಿ ಕೂತಿದ್ದರು. "ಬೆಳ್ಯಪ್ಪ ಮಾವ ಅಷ್ಟು ಒಳ್ಳೆ ಮದ್ದು ಹಾಕಿಯೂ ಮೀನು ಸತ್ತೊ ಅಂದ್ರೆ ನೀರಲ್ಲೇ ದೋಷ ಉಂಟು. ಅಲ್ವಾ ಸಾಹೇಬ್ರೆ?" ಎಂದು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆಯುವ ಮೊದಲೇ ಗಂಗಮ್ಮ, "ಹೌದು ಭಾವ, ಸಾಹೇಬ್ರು ನೋಡಿದೊ. ಈ ನೀರು ಮೀನಿಗೆ ಆಗುದಿಲ್ಲೆ. ಮುಚ್ಚಿಬಿಡಿ" ಎಂದಳು. ನಾನು ಅಲ್ಲವೆನ್ನಲಿಲ್ಲ. ಬೆಳ್ಯಪ್ಪನವರು ತಲೆಯಾಡಿಸಿ, "ನಾ ಎರಡು ದಿನ ತಡ ಮಾಡಿದೆ ಮಗ, ಬೂಷ್ಟು ಕಂಡ ದಿನವೇ ಹಾಕ್ಬೇಕಿತ್ತ್" ಎಂದರು. ಅವಳು ಅವರ ಬೆನ್ನು ನೀವುತ್ತ, "ಹೌದಪ್ಪ, ಸ್ವಲ್ಪ ತಡ ಆತ್" ಎಂದಳು.

ಮಳೆ ಹಿಡಿಯುವ ಮೊದಲೇ ಕೆರೆ ಮುಚ್ಚಿಹೋಯಿತು, ಬಾಳೆಕಂದು ಬಂತು. ಗಂಗಮ್ಮ ಅಪ್ಪನನ್ನು ಕರೆದುಕೊಂಡು ಅಮ್ಮತ್ತಿಯ ಕಡೆಯ ಎಸ್ಟೇಟೊಂದರ ಕೂಲಿಯವರ ಲೈನಿಗೆ ಹೋದಳು. ಅಲ್ಲಿ ಅವಳು ಕಾಫಿ ಹಣ್ಣಿನ ಪಿಕಿಂಗ್‌ಗೆ ಹೋದರೆ ಪಕ್ಕದ ಕೋಣೆಯವರಾದರೂ ಮುದುಕರನ್ನು ನೋಡಿಕೊಳ್ಳುತ್ತಾರೆ ಎಂಬ ಆಸೆ.

ಸರ್ವಿಸಿನ ಉಳಿದ ವರ್ಷಗಳಲ್ಲಿ ನಾನು ಒಂದು ಪಾಠವನ್ನು ಮರೆಯಲಿಲ್ಲ. ಸಲಹೆ ಕೊಡುವಾಗ ಮನೆಯವರನ್ನೆಲ್ಲ ಕೂರಿಸಿ, ಏನು ಹಾಕಬೇಕು ಎನ್ನುವುದರ ಜೊತೆಗೆ ಏನು ಹಾಕಬಾರದು ಎಂದೂ ಹೇಳುತ್ತಿದ್ದೆ. ಕೆರೆ ಕೆಡಿಸುವವರು ಶತ್ರುಗಳೇ ಆಗಬೇಕಿಲ್ಲ. ಅಷ್ಟನ್ನು ಕೆಲಸ ಕಲಿಸಿತು.

ಕೆಲವು ವರ್ಷಗಳ ಮೇಲೆ ಅಮ್ಮತ್ತಿಯ ಸಂತೆಯಲ್ಲಿ ಅವಳು ಸಿಕ್ಕಿದಳು. ಅಪ್ಪ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡರೆಂದಳು. ಎಸ್ಟೇಟಿನ ಮೂಲೆಯಲ್ಲೊಂದು ಹಳೇ ಕೆರೆ ಇತ್ತಂತೆ. ಮೀನು ಸಾಕುವುದಾದರೆ ಸಾಕು ಎಂದು ಅಪ್ಪ ಇದ್ದಾಗಲೇ ಅಲ್ಲಿ ಲೆಕ್ಕ ಬರೆಯುವ ರೈಟರು ತಾವಾಗಿ ಹೇಳಿದ್ದರಂತೆ.

"ಸಾಕಲಿಲ್ಲವೇ?" ಎಂದು ಕೇಳಿದೆ.

"ಹೇಗೆ ಸಾಕುದು ಸಾಹೇಬ್ರೆ? ಅಪ್ಪ ಕೊನೆವರೆಗೂ ಅದನ್ನೇ ಹೇಳ್ತಿದ್ದೊ. ಇನ್ನೊಂದು ಕೆರೆ ಮಾಡ್ ಮಗ, ಈ ಸಲ ನಾ ಮದ್ದು ಹಾಕುಕೆ ತಡ ಮಾಡುದಿಲ್ಲೆ ಅಂತ."