ಅತ್ತಿಗೆಯ ಅಂಗಳ ಮತ್ತು ಸರಾಸರಿ ತೂಕ

ನನ್ನ ಅತ್ತಿಗೆ ಕೂತು ಊಟ ಮಾಡಿದ್ದನ್ನು ನಾನು ಕಂಡದ್ದು ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಲೇ ತಿಂದು ಮುಗಿಸುವವರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಣ್ಣ ರೇಗಿಸುತ್ತಾನೆ. ಬೀದಿಯ ಮಕ್ಕಳಂತೂ ಅವರಿಗೆ ಚಕ್ರ ಟೀಚರ್ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. ಇಂಥವರ ಜೊತೆ ಒಂದೇ ಮನೆಯಲ್ಲಿ ಇರುವುದು ಸುಲಭವಲ್ಲ. ಕೆಳಗಿನ ಮನೆ ಅವರದು, ಮೇಲಿನ ಎರಡು ಕೋಣೆ ನನ್ನದು ಮತ್ತು ನನ್ನ ಮಗಳದು. ನಾನು ಬಟ್ಟೆ ಹೊಲಿದು ಬದುಕುವವಳು, ದಿನವಿಡೀ ಒಂದೇ ಕಡೆ ಕೂರಬೇಕು. ಕೆಳಗೆ ಅವರ ಚಪ್ಪಲಿಯ ಸದ್ದು ನಿಲ್ಲದಿದ್ದರೆ ನನ್ನ ಹೊಲಿಗೆಯೂ ಅಡ್ಡಾದಿಡ್ಡಿ ಓಡುತ್ತದೆ.

ಈ ಚಡಪಡಿಕೆಗೂ ದುಡ್ಡು ಕೊಡುವವರಿದ್ದಾರೆ ಎಂದು ಗೊತ್ತಾದದ್ದು, ನಗರಸಭೆಯವರು ಮಕ್ಕಳ ಬೊಜ್ಜು ತಡೆಯುವ ಯೋಜನೆ ಶುರುಮಾಡಿದಾಗ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಆಡಿಸಬೇಕು, ಖರ್ಚೆಲ್ಲ ಅವರದು. ನಮ್ಮ ಬೀದಿಯಲ್ಲಿ ಆ ಕೆಲಸ ಅತ್ತಿಗೆಗೆ ಸಿಕ್ಕಿತು. ಅತ್ತಿಗೆಗೆ ಒಂದಿಷ್ಟು ಗೌರವಧನ, ಚೆಂಡು, ಹಗ್ಗ, ಎಲ್ಲಕ್ಕಿಂತ ಮುಖ್ಯವಾಗಿ ಜಾಗದ ಬಾಡಿಗೆ. ನಮ್ಮ ಬೀದಿಯ ಕೊನೆಯಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರ ಅಂಗಳವಿದೆ, ಸುತ್ತ ಗೋಡೆ, ದೊಡ್ಡ ಗೇಟು. ಅದನ್ನೇ ಬಾಡಿಗೆಗೆ ಹಿಡಿದರು. ಇಲ್ಲಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಬೀದಿಯ ತುಂಬ ಗಾಡಿಗಳು. ಆ ಅಂಗಳ ಬಿಟ್ಟರೆ ಮಕ್ಕಳಿಗೆ ಓಡಲು ಇದ್ದದ್ದು ಮನೆಯ ಮೆಟ್ಟಿಲು ಮಾತ್ರ.

ಮೊದಲ ವರ್ಷ ಬಂದವರೆಲ್ಲ ಕಡ್ಡಿಯಂಥ ಮಕ್ಕಳು, ಯೋಜನೆ ಇಲ್ಲದಿದ್ದರೂ ಓಡುತ್ತಿದ್ದವರು. ವರ್ಷದ ಕೊನೆಗೆ ನಗರಸಭೆಯ ಅಧಿಕಾರಿ ಬಂದು ಎಲ್ಲರನ್ನೂ ತೂಗಿಸಿ, ಸರಾಸರಿ ತೂಕ ಬಹಳ ಚೆನ್ನಾಗಿದೆ ಎಂದು ಹೊಗಳಿ ಹೋದರು. ಅತ್ತಿಗೆಗೆ ಮಾತ್ರ ಸಮಾಧಾನವಿಲ್ಲ.

"ಯಾರಿಗೋಸ್ಕರ ದುಡ್ಡು ಕೊಟ್ಟಿದಾರೋ ಆ ಮಕ್ಕಳು ಕಿಟಕೀಲಿ ನಿಂತು ನೋಡ್ತಿದಾವೆ ಕಣೇ" ಎಂದರು.

ಹಾಗೆ ನಿಂತು ನೋಡುವವರಲ್ಲಿ ನನ್ನ ಮಗಳೂ ಒಬ್ಬಳು.

ಅವಳ ಯೂನಿಫಾರ್ಮಿನ ಪಕ್ಕದ ಹೊಲಿಗೆಯನ್ನು ನಾನೇ ಬಿಚ್ಚಿ ಸಡಿಲಿಸುತ್ತಿದ್ದೆ. ಒಳಗೆ ಮಡಚಿಟ್ಟ ಬಟ್ಟೆ ಮುಗಿದ ಮೇಲೆ ಬೇರೆ ತುಂಡು ಸೇರಿಸಿದೆ. ಅವಳು ಏನೂ ಅನ್ನುತ್ತಿರಲಿಲ್ಲ, ಅದನ್ನೇ ನನ್ನ ಕೈಲಿ ತಡೆಯಲಾಗುತ್ತಿರಲಿಲ್ಲ. ಶಾಲೆಯಿಂದ ಬಂದವಳೇ ಬಿಸ್ಕತ್ತಿನ ಡಬ್ಬಿ ಎತ್ತಿಕೊಂಡು ಟೀವಿ ಮುಂದೆ ಕೂತರೆ ಮುಗಿಯಿತು. ಬೈದರೆ ಇನ್ನೆರಡು ಹೆಚ್ಚಿಗೆ ತಿನ್ನುತ್ತಿದ್ದಳು. ನೆಂಟರು ಬಂದರೆ "ಮಗಳು ಅಮ್ಮನ್ನೇ ಮೀರಿಸಿಬಿಟ್ಟಿದಾಳಲ್ಲ" ಎಂದು ಗಲ್ಲ ಹಿಂಡುತ್ತಿದ್ದರು. ಅಂಥವರ ತುಟಿಗೆ ಮಿಷಿನ್ನಿನಲ್ಲೇ ಒಂದು ಹೊಲಿಗೆ ಹಾಕಿಬಿಡೋಣ ಎನಿಸುತ್ತಿತ್ತು ನನಗೆ.

ಅತ್ತಿಗೆ ಅವಳನ್ನು ಆಟಕ್ಕೆ ಕರೆಯಲಿಲ್ಲ. "ಹಗ್ಗದ ಆ ತುದಿ ಹಿಡ್ಕೊಂಡು ತಿರುಗಿಸೋಕೆ ಒಬ್ರು ಬೇಕು ಪುಟ್ಟಿ, ನೀನೇನೂ ಜಿಗಿಯೋದು ಬೇಡ" ಎಂದರು. ಅವಳು ಮುಖ ಊದಿಸಿಕೊಂಡೇ ಹೋದಳು. ಅಲ್ಲಿ ಅತ್ತಿಗೆಯ ಕಾನೂನೇ ಬೇರೆ. ಯಾರೂ ಔಟ್ ಆಗುವ ಹಾಗಿಲ್ಲ, ಸಿಕ್ಕಿಬಿದ್ದವರು ಓಡಿಹೋಗಿ ಗೋಡೆ ಮುಟ್ಟಿ ಮತ್ತೆ ಆಟಕ್ಕೆ ಸೇರಬೇಕು. ಮಕ್ಕಳೇ ಗುಂಪು ಆರಿಸಿಕೊಳ್ಳುವ ಹಾಗೂ ಇಲ್ಲ, ಏಕೆಂದರೆ ಯಾರೂ ಆರಿಸದೆ ಉಳಿಯುವ ಮಗು ಯಾವುದೆಂದು ಎಲ್ಲರಿಗೂ ಗೊತ್ತೇ ಇರುತ್ತದೆ. ಒಂದು ಸಂಜೆ ಅಂಗಿಯ ಗುಂಡಿ ತರಲು ಅಂಗಡಿಗೆ ಹೊರಟ ನಾನು ಗೇಟಿನ ಹತ್ತಿರ ನಿಂತುಬಿಟ್ಟೆ. ನನ್ನ ಮಗಳು ಹಗ್ಗದ ತುದಿಯಲ್ಲಿರಲಿಲ್ಲ, ಮಧ್ಯದಲ್ಲಿದ್ದಳು. ಒಂದೆರಡು ಸಲ ಜಿಗಿದಳು, ಕಾಲಿಗೆ ಹಗ್ಗ ಸಿಕ್ಕಿಕೊಂಡು ಧೊಪ್ಪನೆ ಕೂತಳು, ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಗುಂಡಿಯ ವಿಷಯ ಮರೆತೇ ಹೋಯಿತು.

ಅವಳ ಹಿಂದೆ ಅವಳಂಥವರು ಒಬ್ಬೊಬ್ಬರಾಗಿ ಬಂದರು. ಅಂಗಳದಲ್ಲಿ ಕಿವಿಗಡಚಿಕ್ಕುವ ಕೂಗಾಟ, ಅತ್ತಿಗೆಯ ಮುಖದಲ್ಲಿ ಕಳೆ. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ, ಎರಡನೆಯ ವರ್ಷದ ತೂಕಕ್ಕೆ ಒಂದು ವಾರ ಇರುವಾಗ ಅದೇ ಅಧಿಕಾರಿ ಮನೆಗೆ ಬಂದರು. ಒಣಕಲು ಮನುಷ್ಯ. ಚಹಾಕ್ಕೆ ಕೇಳಿ ಕೇಳಿ ಸಕ್ಕರೆ ಹಾಕಿಸಿಕೊಂಡರು.

"ಟೀಚರ್, ಮೊನ್ನೆ ಸುಮ್ನೆ ಒಂದ್ಸಲ ತೂಗಿಸಿ ನೋಡಿದ್ವಲ್ಲ, ಸರಾಸರಿ ಏರಿಬಿಟ್ಟಿದೆ. ಹೀಗೇ ಇದ್ರೆ ಮುಂದಿನ ವರ್ಷ ದುಡ್ಡು ಬರಲ್ಲ."

"ಏರದೆ ಇನ್ನೇನಾಗತ್ತೆ ಸಾರ್? ದಪ್ಪ ಇರೋ ಮಕ್ಕಳು ಈಗ ತಾನೆ ಬರೋಕೆ ಶುರು ಮಾಡಿದಾರೆ. ಅವ್ರು ಬರ್ಲಿ ಅಂತ ಅಲ್ವಾ ಇದೆಲ್ಲ ಮಾಡಿದ್ದು?"

"ನನಗೆ ಅಷ್ಟೂ ಅರ್ಥ ಆಗಲ್ವಾ? ಹಾಗಂತ ಬರೆದೂ ಕಳಿಸಿದೀನಿ. ಮೇಲಿನವ್ರು ನೋಡೋದು ಒಂದೇ ಅಂಕೆ. ಹೋದ ವರ್ಷಕ್ಕಿಂತ ಇಳಿದಿದ್ಯಾ, ಏರಿದ್ಯಾ, ಅಷ್ಟೇ." ಆಮೇಲೆ ದನಿ ತಗ್ಗಿಸಿದರು. "ತೂಕ ಜಾಸ್ತಿ ಇರೋ ಏಳೆಂಟು ಮಕ್ಕಳಿಗೆ ಆವತ್ತು ರಜಾ ಕೊಟ್ಬಿಡಿ. ಒಂದೇ ದಿನ. ಮಾರನೇ ದಿನದಿಂದ ಬರ್ಲಿ, ಯಾರು ಬೇಡ ಅಂತಾರೆ? ಜಾಗ ಉಳಿಯತ್ತೆ, ನಿಮ್ಮ ಕೆಲಸಾನೂ ಉಳಿಯತ್ತೆ."

ಕೆಟ್ಟ ಮನುಷ್ಯ ಅಲ್ಲ. ತೊಂದರೆಯೇ ಅದು. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಕಳಿಸಬಹುದಿತ್ತು.

ಆ ವಾರವಿಡೀ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅತ್ತಿಗೆ ಒರೆಸಿದ ನೆಲವನ್ನೇ ಒರೆಸಿದರು, ಹಾಲು ಉಕ್ಕಿಸಿದರು, ಅಣ್ಣನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದರು. "ಒಂದು ದಿನದ ಮಾತು ತಾನೆ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ?" ಎಂದ ಅಣ್ಣ. ನನಗೂ ಹಾಗೇ ಅನಿಸಿತ್ತು. ಮಗಳಿಗೆ ಜ್ವರ ಎಂದುಬಿಟ್ಟರಾಯಿತು, ಅಂಗಳವಾದರೂ ಉಳಿಯಲಿ. ಅತ್ತಿಗೆಯೂ ಕೊನೆಗೆ ಅಲ್ಲಿಗೇ ಬಂದಿದ್ದರು ಎಂದು ಕಾಣುತ್ತದೆ. ತೂಕದ ದಿನ ಸಂಜೆ ಮೇಲೆ ಬಂದವರು ಒಳಗೆ ಕಾಲಿಡದೆ ಬಾಗಿಲು ಹಿಡಿದು ನಿಂತರು. ಮಗಳು ಶೂ ಹಾಕಿಕೊಳ್ಳುತ್ತಿದ್ದಳು.

"ಪುಟ್ಟಿ, ಇವತ್ತು..." ಎಂದು ತಡವರಿಸಿದರು.

ಅವಳು ತಲೆ ಎತ್ತಿದಳು. "ಗೊತ್ತು ಅತ್ತೆ. ಆ ಸಾರ್ ಹೇಳಿದ್ದು ಮೆಟ್ಟಿಲ ಹತ್ರ ಕೇಳಿಸ್ತು. ನಾನು ಬರಲ್ಲ ಬಿಡಿ. ಸ್ಕೂಲಲ್ಲಿ ಫೋಟೋ ತೆಗೆಯೋವಾಗ್ಲೂ ಸ್ವಲ್ಪ ಮರೇಲಿ ನಿಂತ್ಕೋ ಅಂತಾರೆ. ನನಗೆ ಅಭ್ಯಾಸ ಇದೆ."

ಹೇಳಿ ಶೂ ಲೇಸು ಬಿಚ್ಚತೊಡಗಿದಳು. ಅಳಲಿಲ್ಲ. ನಮ್ಮಿಬ್ಬರಿಗೇ ಸಮಾಧಾನ ಹೇಳುವ ಹಾಗಿತ್ತು ಅವಳ ದನಿ.

"ಕಟ್ಕೊಳ್ಳೇ ಅದನ್ನ!" ಅತ್ತಿಗೆ ಗದರಿದರು. "ಯಾರು ಬರಬೇಡ ಅಂದ್ರು ನಿನಗೆ? ದೊಡ್ಡವರ ಹಾಗೆ ಮಾತಾಡ್ತಾಳೆ!" ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ತಾವೇ ಲೇಸು ಬಿಗಿದರು. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ಕಟ್ಟಿ ಮುಗಿಸಿ ನನ್ನ ಕಡೆ ತಿರುಗಿದರು. "ನೀನೂ ಏಳು. ಒಂದು ದೊಡ್ಡ ಬೆಡ್‌ಶೀಟ್ ತಗೊಂಡು ಬಾ."

ತೂಕದ ಯಂತ್ರದ ಸುತ್ತ ಆ ಬೆಡ್‌ಶೀಟನ್ನು ಮರೆಯಾಗಿ ಹಿಡಿದು ನಿಂತವಳು ನಾನೇ. ಅಂಕೆಯನ್ನು ಗಟ್ಟಿಯಾಗಿ ಓದಕೂಡದು ಎಂದು ಅತ್ತಿಗೆ ತಾಕೀತು ಮಾಡಿದ್ದರು. ಅಧಿಕಾರಿ ಒಂದು ಸಲ ಅವರ ಮುಖ ನೋಡಿ ಬರೆದುಕೊಳ್ಳುತ್ತಾ ಹೋದರು. ಆವತ್ತು ಒಂದು ಮಗುವೂ ತಪ್ಪಿಸಿಕೊಂಡಿರಲಿಲ್ಲ.

ದುಡ್ಡು ನಿಂತಿತು. ಸುದ್ದಿ ಹೇಳಲು ಅಧಿಕಾರಿ ತಾವೇ ಬಂದರು, ಚಹಾ ಬೇಡವೆಂದರು. ಅಂಗಳದ ಮಾಲೀಕ ಬಾಡಿಗೆ ನಿಂತ ಕೂಡಲೇ ಅದನ್ನು ಗಾಡಿ ನಿಲ್ಲಿಸುವವರಿಗೆ ಕೊಟ್ಟ. ನಾನು ಅತ್ತಿಗೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅವರ ಕಾಲು ಹಿಡಿಯಬೇಕೋ ತಿಳಿಯದೆ ಮೇಲೆ ಕೂತು ಮಿಷಿನ್ ತುಳಿದೆ. ಮಗಳು ಮತ್ತೆ ಡಬ್ಬಿ ಹಿಡಿದು ಟೀವಿ ಮುಂದೆ ಕೂರುತ್ತಾಳೆ ಎನ್ನುವ ಭಯ ಎದೆಯಲ್ಲೇ ಕೂತಿತ್ತು.

ಸೋಮವಾರ ಶಾಲೆಯಿಂದ ಬಂದವಳು ಬ್ಯಾಗು ಎಸೆದು, ಟೀವಿಯ ಕಡೆ ನೋಡದೆ ದಡದಡ ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಗದ್ದಲ. ಕೆಳಗೆ ಓಡಿದೆ. ಅಲಮಾರಿಯ ಬಟ್ಟೆಯನ್ನೆಲ್ಲ ಹೊರಗೆಳೆದು ಮಡಚುತ್ತಿದ್ದ ಅತ್ತಿಗೆ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. ಕಡ್ಡಿಯಂಥವರು, ದಪ್ಪಗಿರುವವರು, ಎಲ್ಲ ಮಕ್ಕಳೂ ಗಾಡಿಗಳ ಸಂದಿಯಲ್ಲಿ ಒತ್ತೊತ್ತಾಗಿ ನಿಂತಿದ್ದರು. ಅವರ ಹಿಂದೆ ಒಂದು ಲಾರಿ ಹಾರ್ನ್ ಹೊಡೆಯುತ್ತಿತ್ತು.

"ಅತ್ತೆ, ಎಲ್ಲರನ್ನೂ ಕರ್ಕೊಂಡು ಬಂದಿದೀನಿ" ಎಂದಳು ನನ್ನ ಮಗಳು. "ಎಲ್ಲಿಗೆ ಹೋಗೋಣ?"

ಅತ್ತಿಗೆ ನನ್ನ ಮುಖ ನೋಡಿದರು. ಲಾರಿಗೆ ದಾರಿ ಬಿಡಿ ಎಂದು ನಾನು ಮಕ್ಕಳಿಗೆ ಕೂಗಿದೆ.