ಬನಿಯನ್ನಿನೊಳಗೊಂದು ಜೇಬು

ಭುಜ ಹಿಡಿದುಕೊಂಡು ಹದಿನೈದು ದಿನವಾಯಿತು. ಮೊನ್ನೆ ಮುಂಜಾನೆ ಸಣ್ಣ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಕೆಳಗಿಳಿಸಿ, ಎರಡು ಬಿಲ್ಲೆ ಕರ್ಪೂರ ಪುಡಿ ಮಾಡಿ ಹಾಕಿದೆ. ವಾಸನೆ ಎದ್ದಿತು. ಅಷ್ಟೇ... ಭುಜದ ನೋವು ಮರೆತೇಹೋಯಿತು. ನಾನು ಪೀರನವಾಡಿಯ ಆಚೆಗಿನ ವೃದ್ಧಾಶ್ರಮದ ಆ ಉದ್ದನೆಯ ಕೋಣೆಯಲ್ಲಿದ್ದೆ. ಆರು ಮಂಚ, ಆರು ಮಂದಿ ಹಿರಿಯರು, ಕಿಟಕಿಯ ಪಕ್ಕದ ಮಂಚದಲ್ಲಿ ನಮ್ಮ ಅಪ್ಪ. ಸ್ಟೂಲಿನ ಮೇಲೆ ಕುಳಿತು, ಅವರ ಬಿಗಿದ ಮುಷ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದ ಮಾವಶಿ.

ಮಾವಶಿ ಎಂದರೆ ನನ್ನ ತಾಯಿಯ ತಂಗಿಯಲ್ಲ. ದವಾಖಾನೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಮಲಗಿದವರ ಮೈ ತೊಳೆದು ಬಟ್ಟೆ ಬದಲಿಸುವ ಹೆಂಗಸರನ್ನು ಬೆಳಗಾವಿಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಈಕೆ ನಂದಗಡದ ಆಚೆಯ ಒಂದು ಹಳ್ಳಿಯಾಕೆ, ಕುರಿ ಸಾಕುವ ಮನೆತನ. ಗಿಡ್ಡ ಮೈಕಟ್ಟು, ದೊಡ್ಡ ಧ್ವನಿ. ಆರು ದಿನ ಆಶ್ರಮದಲ್ಲೇ ಇದ್ದು ಏಳನೆಯ ದಿನ ಊರಿಗೆ ಹೋಗಿಬರುತ್ತಿದ್ದಳು. ಮಾತು ಬಿದ್ದುಹೋಗಿದ್ದ ಅಪ್ಪನೊಂದಿಗೆ ಆಕೆ ಮಾತಾಡುತ್ತಲೇ ಇರುತ್ತಿದ್ದಳು. "ಏನ್ರೀ ಯಜಮಾನ್ರ, ಇವತ್ತ ಮಾರಿ ಯಾಕ ಗಂಟ ಹಾಕ್ಕೊಂಡೀರಿ?" ಎಂದು ಕೇಳಿ, ಉತ್ತರ ಬಂದಂತೆ ತಾನೇ ತಲೆಯಾಡಿಸಿ ಮುಂದುವರಿಯುತ್ತಿದ್ದಳು.

ಅಪ್ಪ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾದ ಮೇಲೆ ಬೆಳಗಾವಿಯಲ್ಲಿ ನಮ್ಮ ಜೊತೆಗೇ ಇದ್ದರು. ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋದಾಗ, ಶಾಲೆಯ ಕೆಲಸ ಮಾಡಿಕೊಂಡು ಅವರನ್ನು ಎತ್ತಿ ಕೂರಿಸಲು ನನ್ನಿಂದಾಗಲಿಲ್ಲ. ಐದು ಆಶ್ರಮ ನೋಡಿ ಇದನ್ನು ಆರಿಸಿದೆ. ನೆಲ ಕನ್ನಡಿಯಂತಿತ್ತು. ಪ್ರತಿ ಮಂಚದ ಕಾಲಿಗೂ ಒಂದು ಚಾರ್ಟು ನೇತಾಡುತ್ತಿತ್ತು. ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಿದರು, ಎಷ್ಟು ನೀರು ಕುಡಿಸಿದರು, ಎಲ್ಲಾ ದಾಖಲು. ನಾನು ಶಾಲೆಯ ಟೀಚರು ನೋಡಿ, ಹಾಜರಿ ಪುಸ್ತಕ ನೀಟಾಗಿದ್ದರೆ ಸಾಕು, ಶಾಲೆಯೂ ಚೆನ್ನಾಗಿದೆ ಎಂದು ನಂಬುವವಳು.

ಮೊದಲ ವಾರ ಮಂಪರಿನಲ್ಲಿ ಅಪ್ಪ ಏನು ಕೊಟ್ಟರೂ ನುಂಗಿದರು. ಎಚ್ಚರ ಸರಿಯಾಗಿ ಮರಳಿದ್ದೇ ತಡ, ಬಾಯಿ ಮುಚ್ಚಿಬಿಟ್ಟರು. ಚಮಚ ತಂದರೆ ಹಲ್ಲು ಕಚ್ಚುತ್ತಿದ್ದರು. ಗಂಜಿ, ಹಾಲು, ಹಣ್ಣಿನ ರಸ, ಯಾವುದಕ್ಕೂ ಇಲ್ಲ. ಚಾರ್ಟಿನಲ್ಲಿ ಮೂರು ದಿನ ಒಂದೇ ಸಾಲು: ಊಟ ನಿರಾಕರಣೆ. ಶನಿವಾರ ನಾನು ಹೋದಾಗ ಆಶ್ರಮದ ಉಸ್ತುವಾರಿ ನೋಡುವ ಸಿಸ್ಟರ್ ಆಫೀಸಿಗೆ ಕರೆದರು. ಕೆಟ್ಟವರಲ್ಲ, ಶಿಸ್ತಿನವರು.

"ಸಲಾಯಿನ್ ಮ್ಯಾಲೆ ಎಷ್ಟ್ ದಿನ ಇಡೂದ್ರಿ? ಸೋಮವಾರ ಮೂಗಿನ್ಯಾಗ ನಳಿ ಹಾಕೂಣು ಅಂದಾರ ಡಾಕ್ಟರು. ನೀವು ಸಹಿ ಮಾಡಬೇಕಾಗತೈತಿ."

ಮಾಡುತ್ತೇನೆ ಎಂದೆ. ಮತ್ತೇನು ಹೇಳಲಿ? ಅಪ್ಪನಿಗೆ ಬದುಕೇ ಬೇಸರವಾಗಿದೆ, ನನ್ನ ಮೇಲೆ ಸಿಟ್ಟಿದೆ, ಇಲ್ಲಿ ತಂದು ಹಾಕಿದಳೆಂದು ಹಟ ಹಿಡಿದಿದ್ದಾರೆ ಎಂದೇ ನಾನು ತಿಳಿದಿದ್ದೆ. ಹೊರಗೆ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ಅತ್ತೆ.

ಬಕೀಟು ಹಿಡಿದು ಹೊರಟಿದ್ದ ಮಾವಶಿ ನಿಂತಳು.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ, ಒಂದ್ ಮಾತ್ ಕೇಳತೀನಿ. ಯಜಮಾನ್ರ ಕೊಳ್ಳಾಗ ಏನರೆ ಇತ್ತೇನ್ರಿ?"

"ಯಾಕ?"

"ಜಳಕ ಆದ ಕೂಡ್ಲೆ ಬಲಗೈ ಎದಿಮ್ಯಾಲೆ ಹೋಗತೈತ್ರಿ. ಹುಡುಕತಾರ. ಸಿಗಂಗಿಲ್ಲ. ಆಮ್ಯಾಲೆನ ಬಾಯಿ ಮುಚ್ಚೂದು. ಉಳಿದವ್ರು ತುರಕಿ ಅಂತ ಪೌಡರ್ ಹಾಕಾಕತ್ತಾರ. ನನಗ ಹಂಗ ಅನಸಂಗಿಲ್ರಿ. ಕುತಗಿಗೆ ದಾರದ ಗುರುತು ಐತಿ."

ಇತ್ತು. ದವಾಖಾನೆಯಲ್ಲಿ ಸ್ಕ್ಯಾನಿಂಗ್ ಮಾಡುವಾಗ ಮೈಮೇಲೆ ಲೋಹದ್ದೇನೂ ಇರಬಾರದೆಂದು ಅಪ್ಪನ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ, ಅದರೊಳಗಿನ ಇಷ್ಟಲಿಂಗದ ಸಮೇತ ನನ್ನ ಕೈಗೆ ಕೊಟ್ಟಿದ್ದರು. ನಾನದನ್ನು ಮನೆಗೆ ತಂದು, ಸ್ಕ್ಯಾನಿಂಗ್ ಫಿಲ್ಮುಗಳ ಚೀಲದ ಜೊತೆ ಕಪಾಟಿನಲ್ಲಿಟ್ಟು ಮರೆತಿದ್ದೆ. ಲಿಂಗಪೂಜೆಯಾಗದೆ ಜೀವಮಾನದಲ್ಲಿ ಒಂದು ಗುಟುಕು ನೀರು ಕುಡಿಯದ ಮನುಷ್ಯ! ಅವರ ಮಗಳಾಗಿ ನನಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ನನ್ನದೇ ಲಿಂಗ ದೇವರ ಕೋಣೆಯ ಡಬ್ಬಿಯಲ್ಲಿ ಕುಳಿತು ಎಷ್ಟೋ ವರ್ಷವಾಗಿತ್ತು.

ರವಿವಾರ ಬೆಳಿಗ್ಗೆಯೇ ಕರಡಿಗೆ ಒಯ್ದೆ. ಸಿಸ್ಟರ್ ಒಪ್ಪಲಿಲ್ಲ. ಬೆಳ್ಳಿಯ ಚಿಂತೆ ಇರಲಿ, ಮಲಗಿದವರ ಕೊರಳಲ್ಲಿ ದಾರ ಇರಲೇಕೂಡದು, ಮಂಚದ ಸರಳಿಗೆ ಸಿಕ್ಕಿದರೆ ಕುತ್ತಿಗೆಗೆ ಉರುಲು ಎಂದರು. ಆ ಮಾತೂ ಸುಳ್ಳಲ್ಲ. ನಾನು ಜಗಳಕ್ಕೆ ನಿಂತೆ. ಮಾವಶಿ ಜಗಳ ಮಾಡಲಿಲ್ಲ. ಅಪ್ಪನ ಬನಿಯನ್ನು ತಂದು, ಎದೆಯ ಒಳಬದಿಗೆ ಹಳೆಯ ಧೋತರದ ತುಂಡಿನಿಂದ ಜೇಬು ಹೊಲಿದು, ಬಾಯಿಗೆ ಗುಂಡಿ ಹಚ್ಚಿ ಸಿಸ್ಟರ್ ಮುಂದೆ ಹಿಡಿದಳು.

"ದಾರ ಇಲ್ರಿ. ಬೆಳ್ಳೀನೂ ಬ್ಯಾಡ, ಅರಿವ್ಯಾಗ ಸುತ್ತಿ ಇಡೂಣು. ಈಗರೆ ನಡೀತೈತಿಲ್ರಿ?"

ಸಿಸ್ಟರ್ ಜೇಬನ್ನು ಒಳಗೆ ಹೊರಗೆ ತಿರುವಿ ನೋಡಿ, ನಕ್ಕು, ಒಂದು ಸಾಲದು, ದಿನಕ್ಕೊಂದರಂತೆ ಏಳು ಬೇಕಲ್ಲ ಎಂದರು.

ಆದರೆ ಲಿಂಗ ಹಿಡಿಯುವುದು ಎಡಗೈಯಲ್ಲಿ. ಅಪ್ಪನ ಎಡಗೈ ಮುಷ್ಟಿ ಬಿಗಿದು ಸೆಟೆದಿತ್ತು. ಜಳಕ ಮಾಡಿಸಿದ ಮೇಲೆ ಮಾವಶಿ ಕರ್ಪೂರದ ಎಣ್ಣೆಯಿಂದ ಒಂದೊಂದೇ ಬೆರಳು ತಿಕ್ಕಿ ಬಿಡಿಸಿದಳು. ಕಿರುಬೆರಳು ಮತ್ತೆ ಮತ್ತೆ ಮಡಚಿಕೊಳ್ಳುತ್ತಿತ್ತು... ಆಕೆಗೆ ಅವಸರವಿರಲಿಲ್ಲ. ಕೊನೆಗೆ ಅಂಗೈ ತೆರೆಯಿತು. "ನಾ ಲಿಂಗ ಮುಟ್ಟಾಂಗಿಲ್ರಿ, ತೆಳಗ ಅಷ್ಟ ಹಿಡೀತೀನಿ," ಎಂದು ತನ್ನ ಅಂಗೈಯನ್ನು ಅವರ ಅಂಗೈ ಕೆಳಗೆ ಕೊಟ್ಟಳು. ನಾನು ಲಿಂಗ ಇಟ್ಟೆ. ಅಪ್ಪ ಬಲಗೈಯಿಂದ ತಾವೇ ವಿಭೂತಿ ಹಚ್ಚಿಕೊಂಡರು. ಬಹಳ ಹೊತ್ತು ನೋಡುತ್ತಾ ಕುಳಿತರು. ಕಣ್ಣೀರು ಒಂದೇ ಕಣ್ಣಿನಿಂದ ಇಳಿಯಿತು. ಲಿಂಗ ಜೇಬಿಗೆ ಸೇರಿದ ಮೇಲೆ ಮಾವಶಿ ಗಂಜಿಯ ಚಮಚ ತಂದಳು. ಅಪ್ಪ ಬಾಯಿ ತೆರೆದರು. ಸೋಮವಾರ ನಳಿಗೆಯ ಮಾತೇ ಬರಲಿಲ್ಲ.

ಆಮೇಲೆ ಒಂದೂವರೆ ವರ್ಷ ಇದ್ದರು. ಬೆನ್ನಿನಲ್ಲಿ ಒಂದೇ ಒಂದು ಹುಣ್ಣಾಗಲಿಲ್ಲ. ಮಾವಶಿ ರಜೆಯ ಮೇಲೆ ಹೋಗುವ ದಿನ ಅಂಗೈ ಹಿಡಿಯುವುದು ಹೇಗೆಂದು ಉಳಿದ ಇಬ್ಬರು ಹೆಂಗಸರಿಗೆ ಕಲಿಸಿಯೇ ಹೋಗುತ್ತಿದ್ದಳು. ನಾನು ಶನಿವಾರ ಶನಿವಾರ ಹೋಗಿ ಅಪ್ಪ ಏನು ಉಂಡರು, ಎಷ್ಟು ಮಲಗಿದರು ಎಂದು ಆಕೆಯನ್ನು ಕೇಳುತ್ತಿದ್ದೆ. ಆಕೆ ಎಲ್ಲವನ್ನೂ ಹೇಳುತ್ತಿದ್ದಳು.

ಅಪ್ಪ ಹೋಗಿ ಈಗ ನಾಲ್ಕು ವರ್ಷ. ಹೋದ ತಿಂಗಳು ಸಿಸ್ಟರ್ ಫೋನ್ ಮಾಡಿ ಮಾವಶಿ ತೀರಿಕೊಂಡಳೆಂದು ತಿಳಿಸಿದರು. ದಿನಕರ್ಮಕ್ಕೆ ಬಸ್ಸು ಹಿಡಿದು ಹೋದೆ. ಸಣ್ಣ ಮನೆ, ಅಂಗಳದ ತುಂಬ ಜನ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಬಡಿಸುತ್ತಿದ್ದರು. ಆಕೆಯ ಮಗಳು ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು.

"ಅಕ್ಕಾರ, ನೀವರೆ ಹೇಳ್ರಿ. ಅವ್ವಗ ಏನ್ ಭಾಳ ಸೇರತಿತ್ರಿ? ನಮ್ಮ ಮುಂದ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಊರಾಗ ಇದ್ದದ್ದಕ್ಕಿಂತ ನಿಮ್ಮ ಕಡೆನ ಹೆಚ್ಚ ಇದ್ದಾಕಿ."

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಸಜ್ಜಕ," ಎಂದೆ. "ಬೆಲ್ಲದ ಸಜ್ಜಕ. ಏಲಕ್ಕಿ ಸ್ವಲ್ಪ ಜಾಸ್ತಿ."

ಮಗಳ ಮುಖ ಅರಳಿತು. ಓಡಿಹೋಗಿ ರವೆ ಹುರಿಯಲು ಇಟ್ಟಳು. ಬಿಸಿಬಿಸಿ ಸಜ್ಜಕ ಎಡೆಗೆ ಬಂತು, ನನಗೂ ಒಂದು ಬಟ್ಟಲು ಕೊಟ್ಟರು, ಉಂಡೆ.

ಏಲಕ್ಕಿ ಜಾಸ್ತಿ ಹಾಕಿದ ಬೆಲ್ಲದ ಸಜ್ಜಕ ನಮ್ಮ ಅಪ್ಪನಿಗೆ ಇಷ್ಟ. ಮಾವಶಿಗೆ ಏನು ಇಷ್ಟವಿತ್ತೆಂದು ಆ ಒಂದೂವರೆ ವರ್ಷದಲ್ಲಿ ನಾನು ಒಂದು ದಿನವೂ ಕೇಳಿರಲಿಲ್ಲ.