ದುರ್ಬೀನಿನೊಳಗೆ ನಮ್ಮ ಕೆರೆ

ನಮ್ಮ ಪ್ರೊಫೆಸರರಿಗೆ ಕನ್ನಡದ ಎರಡೇ ಮಾತು ಬರುತ್ತಿದ್ದವು: "ಬರ್ರಿ, ನೋಡ್ರಿ." ಕಲಿಸಿದವನು ನಾನೇ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಹಾವೇರಿ ಸ್ಟೇಷನ್ನಿನಿಂದ ಹಾನಗಲ್ಲಿಗೆ ಬರುವಾಗ ಏರು ಬಂದಲ್ಲೆಲ್ಲ ನಾವು ಇಳಿದು ನಡೆಯಬೇಕು, ಬಸ್ಸು ಕೆಮ್ಮುತ್ತ ನಮ್ಮ ಹಿಂದೆ ಹತ್ತಬೇಕು. ಹಾಗೆ ನಡೆಯುವಾಗ ಅವರು ನನ್ನನ್ನು ಕೇಳಿದರು, "ಊರಿನವರು ಯಂತ್ರದ ಹತ್ತಿರ ಬಂದರೆ ನಿಮ್ಮ ಭಾಷೆಯಲ್ಲಿ ಏನು ಹೇಳಲಿ?" ನಾನು ಹೇಳಿಕೊಟ್ಟೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು.

ನಾನಾಗ ಪುಣೆಯಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ನಮ್ಮಪ್ಪ ಬೇರೆಯವರ ಭತ್ತವನ್ನು ಬಂಡಿಯಲ್ಲಿ ಹೇರಿಕೊಂಡು ಅಕ್ಕಿಆಲೂರಿನ ಗಿರಣಿಗೆ ಮುಟ್ಟಿಸುವವನು. ಹೆಬ್ಬೆಟ್ಟು ಒತ್ತುವವನು. ನಮ್ಮ ಮನೆತನದಲ್ಲಿ ನಾಲ್ಕನೆಯ ಇಯತ್ತೆ ದಾಟಿದವರಲ್ಲಿ ನಾನೇ ಮೊದಲಿಗ. ಧಾರವಾಡದ ಒಂದು ಉಚಿತ ಬೋರ್ಡಿಂಗಿನ ಅನ್ನ, ಆಮೇಲೆ ಒಂದು ವಿದ್ಯಾರ್ಥಿವೇತನ, ಇವೆರಡು ಇಲ್ಲದಿದ್ದರೆ ನಾನೂ ಆ ಬಂಡಿಯ ಮೇಲೆಯೇ ಕೂಡುತ್ತಿದ್ದೆ. ಇದನ್ನು ಹೇಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ.

ಕೊನೆಯ ವರ್ಷದ ಹುಡುಗರು ಸರ್ವೆ ಕ್ಯಾಂಪು ಮುಗಿಸಲೇಬೇಕು. ಒಂದು ಕೆರೆಯನ್ನೋ ಕಾಲುವೆಯನ್ನೋ ಅಳೆದು, ಏರುತಗ್ಗು ತೆಗೆದು, ನಕ್ಷೆ ಬರೆದು ಒಪ್ಪಿಸಬೇಕು. ಒಪ್ಪಿಸದವನು ಪರೀಕ್ಷೆಗೆ ಕೂಡುವಂತಿಲ್ಲ. ಕೆರೆಗಳು ಹೆಚ್ಚಿರುವ ಸೀಮೆ ಯಾರಿಗೆ ಗೊತ್ತು ಎಂದು ಪ್ರೊಫೆಸರರು ಕ್ಲಾಸಿನಲ್ಲಿ ಕೇಳಿದಾಗ ನಾನು ಕೈಯೆತ್ತಿದೆ. ಹಾನಗಲ್ಲ ತಾಲೂಕಿನವನು ಕೈಯೆತ್ತದೆ ಇನ್ನಾರು ಎತ್ತಬೇಕು? ಹೀಗೆ ಇಡೀ ಕ್ಲಾಸು ಡೇರೆ, ಅಳೆಯುವ ಸರಪಳಿ, ಡಂಪಿ ಲೆವೆಲ್ಲುಗಳ ಸಮೇತ ನಮ್ಮೂರ ಕೆರೆಯ ಮೇಲೆ ಬಂದು ಇಳಿಯಿತು. ಮರಾಠಿ, ಗುಜರಾತಿ ಹುಡುಗರ ನಡುವೆ ಕನ್ನಡದವನು ನಾನೊಬ್ಬನೇ.

ಲೆವೆಲ್ ಎಂದರೆ ಮೂರು ಕಾಲಿನ ಮೇಲೆ ಕೂಡಿಸಿದ ಒಂದು ದುರ್ಬೀನು. ಅದರೊಳಗಿಂದ ದೂರದಲ್ಲಿ ಹಿಡಿದ ಅಂಕಿಪಟ್ಟಿಯನ್ನು ಓದಿ ನೆಲದ ಏರುತಗ್ಗು ಲೆಕ್ಕ ಹಾಕುತ್ತಾರೆ. ಆ ಕಾಲದ ದುರ್ಬೀನಿನೊಳಗೆ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಅದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಹೊಸಬರು ನೋಡಿದರೆ ಏನೆಂದುಕೊಂಡಾರು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಪ್ರೊಫೆಸರರದು ಒಂದು ನೇಮವಿತ್ತು. ನಾವು ಯಾರ ನೆಲದಲ್ಲಿ ಗೂಟ ಹೊಡೆಯುತ್ತೇವೋ ಅವರು ಬಂದು ಕೇಳಿದರೆ ಕೆಲಸ ನಿಲ್ಲಿಸಿ ತೋರಿಸಬೇಕು, ಅವರಿಗೆ ತಿಳಿಯುವ ಹಾಗೆ ಹೇಳಬೇಕು. ಬೇರೆ ಮಾಸ್ತರರು ಇದನ್ನು ಹೊತ್ತುಗಳೆಯುವ ಕೆಲಸ ಎನ್ನುತ್ತಿದ್ದರಂತೆ. ನಮ್ಮ ಪ್ರೊಫೆಸರರು ಬಿಡಲಿಲ್ಲ.

ಮೊದಲ ದಿನವೇ ಊರ ಗೌಡರು ಕೆರೆಯ ಏರಿಗೆ ಬಂದರು. ಪ್ರೊಫೆಸರರು ಹ್ಯಾಟು ತೆಗೆದು, "ಬರ್ರಿ, ನೋಡ್ರಿ" ಅಂದರು. ಗೌಡರಿಗೆ ಸಂತೋಷವಾಯಿತು. ರುಮಾಲು ಹಿಂದೆ ಸರಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಆ ಹೊತ್ತಿಗೆ ಸರಿಯಾಗಿ ಆಚೆ ದಂಡೆಯಲ್ಲಿ ಹೆಂಗಸರು ನೀರು ತುಂಬುತ್ತಿದ್ದರು. ಗೌಡರು ನೋಡಿದರು, ಕಣ್ಣು ತೆಗೆದು ಬರಿಗಣ್ಣಿನಿಂದ ನೋಡಿದರು, ಮತ್ತೆ ದುರ್ಬೀನಿಗೆ ಕಣ್ಣು ಹಚ್ಚಿದರು.

"ಲೇ ತಮ್ಮಾ, ಅಕಿ ನಮ್ಮ ಸೊಸಿ."

"ಹೌದ್ರಿ ಗೌಡ್ರ."

"ತಲಿ ಕೆಳಗಾಗಿ ನಿಂತಾಳಲ್ಲೋ. ಕಾಲ ಮ್ಯಾಲ ಅದಾವು."

"ಅದು ಹಂಗ ಕಾಣತೈತ್ರಿ, ಲೆನ್ಸ್ ಇರ್ತಾವು, ಕಿರಣ ಕ್ರಾಸ್ ಆಗಿ ಇಮೇಜು..."

"ನಿನ್ನ ಕಿರಣ ಬೆಂಕಿ ಬೀಳ್ಲಿ. ಕೊಡ ಬೋರಲ ಆಗೇತಿ, ನೀರ ಯಾಕ ಚೆಲ್ಲವಲ್ದು?"

ನಾನು ಉತ್ತರ ಕೊಟ್ಟೆ. ಆದರೆ ಇಂಗ್ಲಿಷಿನಲ್ಲಿ ಕಲಿತದ್ದು ಕನ್ನಡದಲ್ಲಿ ಬರಲೊಲ್ಲದು. ಅರ್ಧ ಮರಾಠಿ ಸೇರಿತು. ಗೌಡರು ನನ್ನ ಮುಖ ನೋಡುತ್ತಿದ್ದರು. ನನ್ನನ್ನು ಅವರು ಸಣ್ಣವನಿದ್ದಾಗಿನಿಂದ ಬಲ್ಲರು. "ಈ ಊರಾಗ ಹುಟ್ಟೀದಿ, ಈ ಊರಿನ ಮಾತಿನ್ಯಾಗ ಹೇಳಾಕ ಬರವಲ್ದೇನು? ಮಂದಿ ಮನೀ ಹೆಣ್ಮಕ್ಕಳನ್ನ ತಲಿಕೆಳಗ ಮಾಡಿ ನೋಡೂದು ಎಂಥಾ ವಿದ್ಯಾ?" ಎಂದು ಹೇಳಿ ಇಳಿದು ಹೋದರು.

ಮರುದಿನ ಬೆಳಿಗ್ಗೆ ಕೆರೆಗೆ ಒಬ್ಬ ಹೆಂಗಸೂ ಬರಲಿಲ್ಲ. ಎಲ್ಲರೂ ಊರಾಚೆಯ ಬಾವಿಗೆ ನಡೆದರು. ಹೋಗುವವರು ನಮ್ಮ ಮನೆಯ ಮುಂದೆಯೇ ಹೋಗಬೇಕು.

"ನಿನ್ನ ಮಗಾ ಭಾಳ ಕಲತಾನ ಬಿಡವಾ," ಎಂದು ಒಬ್ಬಳು ನಮ್ಮವ್ವನಿಗೆ ಅಂದಳು. "ಊರನ್ನ ಬೋರಲ ಹಾಕಾಕ ಪುಣೇಕ ಹೋಗಬೇಕಿತ್ತೇನು?"

"ಬೋರಲ ಆದ್ರೂ ಸೀರಿ ಜಾರಿಲ್ಲಂತ ಬಿಡ," ಎಂದಳು ಇನ್ನೊಬ್ಬಳು.

ಅವ್ವ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಅದೇ ನನಗೆ ಹೆಚ್ಚು ಚುಚ್ಚಿತು.

ಮಧ್ಯಾಹ್ನದ ಮುಂಚೆ ಗೌಡರ ಆಳು ಬಂದು ಹೇಳಿದ: ಏರಿಯ ಮೇಲೆ ಯಂತ್ರ ಹೂಡಬಾರದು, ನಾಳೆ ಡೇರೆ ಕೀಳಬೇಕು. ನಾನು ಅದನ್ನು ಪ್ರೊಫೆಸರರಿಗೆ ಮರಾಠಿಯಲ್ಲಿ ತಿಳಿಸಿದೆ.

"ತಾಲೂಕಿನ ಮಾಮಲೇದಾರರ ಕಡೆಯಿಂದ ಹುಕುಂ ತರಬಹುದು," ಎಂದ ನನ್ನ ಗೆಳೆಯನೊಬ್ಬ.

"ತರಬಹುದು. ತಂದರೆ ಆ ಹೆಂಗಸರು ಬಾವಿಗೇ ನಡೆಯುತ್ತಾರೆ," ಅಂದರು ಪ್ರೊಫೆಸರರು. ನನ್ನ ಕಡೆ ತಿರುಗಿ, "ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾಳೆ ಸಂಜೆಯವರೆಗೆ ನಿನಗೆ ಸಮಯ. ತಿಳಿಸಿ ಹೇಳು. ಒಪ್ಪದಿದ್ದರೆ ಗಂಟು ಕಟ್ಟೋಣ."

ಗಂಟು ಕಟ್ಟಿದರೆ ಬೇರೆ ಕೆರೆ ಹುಡುಕಿ ಕೆಲಸ ಮುಗಿಸುವಷ್ಟು ರಜೆ ಉಳಿದಿರಲಿಲ್ಲ. ಆ ವರ್ಷ ಪರೀಕ್ಷೆಯಿಲ್ಲ. ಉಳಿದ ಹುಡುಗರು ಇನ್ನೊಂದು ವರ್ಷ ಕೂತು ಓದಿಯಾರು, ಅವರ ಮನೆಗಳು ಅಂಥವು. ನನ್ನ ವಿದ್ಯಾರ್ಥಿವೇತನ ಆ ವರ್ಷಕ್ಕೇ ಮುಗಿಯುತ್ತಿತ್ತು. ನನಗೆ ಪದವಿಯ ಬಾಗಿಲು ಮುಚ್ಚಿದಂತೆಯೇ.

ಮನೆಗೆ ಬಂದು ಕಾಳಿನ ಕೋಣೆಯಲ್ಲಿ ಗೋಣಿಚೀಲದ ಮೇಲೆ ಬಿದ್ದುಕೊಂಡೆ. ಕತ್ತಲು ಕೋಣೆ. ಬೀದಿಯ ಕಡೆಗಿನ ಬಾಗಿಲ ಹಲಗೆಯಲ್ಲಿ ಮರದ ಗಂಟು ಉದುರಿ ಬಿದ್ದ ಒಂದು ತೂತು. ಹೊರಗೆ ಸುಡುವ ಬಿಸಿಲು. ತೂತಿನಿಂದ ಬಂದ ಬೆಳಕಿನಲ್ಲಿ ಎದುರಿನ ಗೋಡೆಯ ಮೇಲೆ ಒಂದು ಬಂಡಿಯ ಚಿತ್ರ ತಲೆಕೆಳಗಾಗಿ ಹಾದುಹೋಯಿತು. ಗಾಲಿ ಮೇಲೆ, ಎತ್ತಿನ ಕೋಡು ಕೆಳಗೆ. ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದಾಗಲೆಲ್ಲ ನಾನು ನೋಡುತ್ತಿದ್ದ ಆಟವೇ ಅದು. ಪುಣೆಯಲ್ಲಿ ಬೆಳಕಿನ ಶಾಸ್ತ್ರದ ಪುಸ್ತಕ ಓದುವಾಗ ಒಮ್ಮೆಯೂ ಈ ಗೋಡೆ ನೆನಪಾಗಿರಲಿಲ್ಲ.

ಅವ್ವ ಜೋಳ ಮೊಗೆಯಲು ಒಳಗೆ ಬಂದಳು. "ಏನ ನೋಡಾಕತ್ತೀ?"

"ಅವ್ವಾ, ಗೌಡ್ರ ಮನ್ಯಾಗ ಇಂಥಾ ತೂತಿನ ಬಾಗಿಲ ಐತೇನು?"

"ಯಾಕ ಇಲ್ಲ? ಗೌಡಸಾನಿಯವರ ಕ್ವಾಣಿಗೆ ಐತಿ. ಅಂಗಳಕ್ಕ ಯಾರ ಬಂದ್ರು ಅಂತ ಒಳಗಿಂದ ನೋಡಾಕ ಮಾಡ್ಸ್ಯಾರ."

ನಾನು ಎದ್ದು ಕೂತೆ. ಏನು ಮಾಡಬೇಕೆಂದು ಅವಳಿಗೆ ಹೇಳಿದೆ. ಅವ್ವ ಮೊರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಗೌಡರ ಹಿತ್ತಲ ಬಾಗಿಲಿಗೆ ಹೋದಳು. ಗೌಡಸಾನಿಯವರೊಡನೆ ಏನು ಮಾತಾಡಿದಳೋ ನನಗೆ ಇಂದಿಗೂ ಗೊತ್ತಿಲ್ಲ. ತಿರುಗಿ ಬಂದು, "ನಾಳೆ ಬಿಸಲ ಏರಿದ ಮ್ಯಾಲ ಬಾ ಅಂದಾರ. ಗೌಡ್ರನ್ನ ಮನ್ಯಾಗ ಇಟಗೊಳ್ಳೂದು ಅವರ ಜವಾಬ್ದಾರಿಯಂತ," ಅಂದಳು.

ಮರುದಿನ ಪ್ರೊಫೆಸರರೂ ನನ್ನ ಜೊತೆಗೆ ಬಂದರು. ಅಂಗಳದ ಕಟ್ಟೆಯ ಮೇಲೆ ಕೂತರು, ಒಳಗೆ ಬರಲಿಲ್ಲ. "ಪಾಠ ನಿನ್ನದು," ಅಂದರು. ನಾನು, ಅವ್ವ, ಗೌಡರು, ಗೌಡಸಾನಿಯವರು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಸೊಸೆ ತುಂಬಿದ ಕೊಡ ಹೊತ್ತು ಅಂಗಳದ ಬಿಸಿಲಿನಲ್ಲಿ ನಿಂತಳು. ಕಣ್ಣಿಗೆ ಕತ್ತಲು ಒಗ್ಗುವವರೆಗೆ ಗೌಡರು ಗೊಣಗುತ್ತಲೇ ಇದ್ದರು.

ಸುಣ್ಣದ ಗೋಡೆಯ ಮೇಲೆ ಸೊಸೆ ನಿಂತಿದ್ದಳು. ಕಾಲು ಮೇಲೆ, ತಲೆ ಕೆಳಗೆ, ಕೊಡ ಅದಕ್ಕೂ ಕೆಳಗೆ.

"ಇಲ್ಲಿ ದುರ್ಬೀನ ಇಲ್ರಿ ಗೌಡ್ರ," ಅಂದೆ. "ಗ್ವಾಡಿ ನಿಮ್ದು, ಬಾಗಲಾ ನಿಮ್ದು."

ಗೌಡರು ಗೋಡೆಯನ್ನು ಕೈಯಿಂದ ಮುಟ್ಟಿದರು. ಸೊಸೆಯ ಚಿತ್ರ ಅವರ ಕೈಮೇಲೆ ಬಿತ್ತು. "ಇದು ಯಾವಾಗಿಂದ ಹಿಂಗ?"

"ನಾ ಮದುವಿ ಆಗಿ ಬಂದಾಗಿಂದ," ಎಂದರು ಗೌಡಸಾನಿಯವರು. "ದಿನಾ ಮಧ್ಯಾಹ್ನ ನೋಡ್ತೇನಿ."

"ನನಗ್ಯಾಕ ಹೇಳಲಿಲ್ಲ?"

"ನೀವು ಹಗಲಿನ್ಯಾಗ ಒಳಗ ಕುಂತದ್ದು ಯಾವಾಗ, ನಾ ಹೇಳೂದು ಯಾವಾಗ?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮೂಲೆಯಲ್ಲಿ ಎತ್ತು ಹೊಡೆಯುವ ಗೌಡರ ಬಾರಕೋಲು ಇತ್ತು. ಅದರ ಸಣ್ಣ ತುದಿಯನ್ನು ತೂತಿನಿಂದ ಹೊರಗೆ ತೂರಿಸಿ ಈ ತುದಿಯನ್ನು ಅವರ ಕೈಗೆ ಕೊಟ್ಟೆ. "ಬೆಳಕು ಈ ಕೋಲಿನಂಗ ನೆಟ್ಟಗ ಬರತೈತ್ರಿ. ಹೊರಗಿನ ತುದಿ ನಿಮ್ಮ ಸೊಸೀ ತಲಿಗೆ ಮುಟ್ಟಬೇಕು. ನೀವು ಏನ ಮಾಡ್ತೀರಿ?"

ಗೌಡರು ಕೈ ಕೆಳಗಿಳಿಸಿದರು. ಹೊರಗಿನ ತುದಿ ಮೇಲೆದ್ದಿತು.

"ಕಾಲಿಗೆ ಮುಟ್ಟಸ್ರಿ."

ಕೈ ಮೇಲೆತ್ತಿದರು. ಒಂದೆರಡು ಸಲ ಅವರೇ ಎತ್ತಿ ಇಳಿಸಿ ನೋಡಿದರು. "ಹಂಗಾರ ತಲೀದು ಕೆಳಗ ಬೀಳತೈತಿ, ಕಾಲಿಂದು ಮ್ಯಾಲ."

"ಅಷ್ಟ ರೀ. ದುರ್ಬೀನಿನ್ಯಾಗ ತೂತಿನ ಬದಲಿ ಗಾಜ ಐತಿ."

"ಅಂದ್ರ ಮೊನ್ನೆ ಕೆರ್ಯಾಗ ಅಕಿ ನೆಟ್ಟಗ ನಿಂತಿದ್ಲು."

"ನೆಟ್ಟಗ ನಿಂತಿದ್ರು ರೀ. ಅದಕ್ಕ ನೀರು ಚೆಲ್ಲಲಿಲ್ಲ."

ಹೊರಗಿನಿಂದ ಸೊಸೆಯ ಧ್ವನಿ ಕೇಳಿತು. "ಅತ್ತಿ, ಕೊಡಾ ಇಳಸ್ಲ್ಯಾ? ಕುತಗಿ ಹ್ವಾತು."

ಬಾಗಿಲು ತೆಗೆದೆವು. ಗೌಡರು ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಪ್ರೊಫೆಸರರ ಎದುರು ನಿಂತರು. ಪ್ರೊಫೆಸರರು ನನ್ನನ್ನು ನೋಡಿದರು. ಗೌಡರು ಹೇಳಿದ್ದು ನನಗೆ: "ನಿಮ್ಮ ಮಾಸ್ತರಿಗೆ ಹೇಳು. ಯಂತ್ರ ಹೂಡ್ಲಿ. ಆದ್ರ ಮೊದಲ ಹೆಣ್ಮಕ್ಕಳು ನೋಡಬೇಕು. ಆಮ್ಯಾಲ ನಿಮ್ಮ ಅಳತಿ ಮೋಜಣಿ."

ಅಂದು ಇಳಿಹೊತ್ತಿಗೆ ಹೆಂಗಸರು ಕೊಡ ಹಿಡಿದೇ ಏರಿಗೆ ಬಂದರು. ಆಚೆ ದಂಡೆಯಲ್ಲಿ ನಿಲ್ಲುವವರು ಯಾರು ಎಂಬ ಪ್ರಶ್ನೆ ಬಂದಾಗ ಗೌಡರು ತಾವೇ ಹೋಗಿ ನಿಂತರು, ರುಮಾಲು ಸುತ್ತಿಕೊಂಡು, ಕೋಲೂರಿ. ಮೊದಲು ನೋಡುವ ಸರದಿ ಸೊಸೆಯದು. ಮಾವನ ಎದುರು ತಲೆಯೆತ್ತದ ಹುಡುಗಿ ಆಕೆ. ಆದರೆ ಮಾವ ದೂರದಲ್ಲಿದ್ದರಲ್ಲ. ಬಹಳ ಹೊತ್ತು ಕಣ್ಣು ಹಚ್ಚಿ ನಿಂತವಳು ಎಲ್ಲರಿಗೂ ಕೇಳುವ ಹಾಗೆ ಅಂದಳು, "ಯವ್ವಾ, ಮಾವಾರು ಬಾವಲಿಯಂಗ ಜೋತು ಬಿದ್ದಾರ. ರುಮಾಲ ಮಾತ್ರ ಬೀಳವಲ್ದು."

ಆ ನಗು ಆಚೆ ದಂಡೆಗೂ ಮುಟ್ಟಿರಬೇಕು. ಗೌಡರು ಕೈಯೆತ್ತಿ ಏನೋ ಕೂಗಿದರು, ದುರ್ಬೀನಿನಲ್ಲಿ ಅವರ ಕೈ ಕೆಳಗೆ ಜೋತಾಡಿತಂತೆ, ಮತ್ತೆ ನಗು. ಪ್ರೊಫೆಸರರು ಪ್ರತಿಯೊಬ್ಬಳಿಗೂ "ಬರ್ರಿ, ನೋಡ್ರಿ" ಎನ್ನುತ್ತಿದ್ದರು. ನಮ್ಮವ್ವನನ್ನು ಬೋರಲ ಮಾತಿನಿಂದ ಚುಚ್ಚಿದವಳೇ ಮತ್ತೊಮ್ಮೆ ನೋಡಲು ಸಾಲು ಮುರಿದು ಬಂದಳು. ಅವ್ವ ಕೊನೆಗೆ ನೋಡಿದಳು. ಏನು ಕಂಡಿತು ಎಂದು ಕೇಳಿದೆ. "ಕೆರಿ ಮ್ಯಾಲ ಐತಿ, ಮುಗಲ ಕೆಳಗ ಐತಿ. ಚಂದ ಐತಿ," ಅಂದಳು.

ನಮ್ಮ ಕ್ಯಾಂಪು ಮುಗಿಯಿತು. ನಕ್ಷೆ ಒಪ್ಪಿಸಿದೆವು. ನಾನು ಪರೀಕ್ಷೆಗೆ ಕೂತೆ, ಪಾಸಾದೆ.

ನೌಕರಿ ಎಂದರೆ ಲೋಕೋಪಯೋಗಿ ಖಾತೆ ಎಂದು ಎಲ್ಲರೂ ಹೇಳುವ ಕಾಲ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವ ಕೆಲಸ ಹಿಡಿದೆ. ಕಾರಣ ಕೇಳಿದವರಿಗೆ ಗೌಡರ ಕೋಣೆಯ ಕಥೆ ಹೇಳುತ್ತಿದ್ದೆ. ರಜೆಯಲ್ಲಿ ಊರಿಗೆ ಬಂದರೆ ಕಾಲೇಜಿನ ಹಳೆಯ ಲೆವೆಲ್ಲೊಂದನ್ನು ಕೇಳಿ ತರುತ್ತಿದ್ದೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಶಾಲೆಗಳಿಗೆ, ತಡಸದಂಥ ಹಳ್ಳಿಗಳಿಗೂ ಅದನ್ನು ಹೊತ್ತುಕೊಂಡು ಹೋದದ್ದುಂಟು. ಇಂಜಿನಿಯರ ಆಗುವುದೆಂದರೆ ಏನು, ಬಂಡಿ ಹೊಡೆಯುವವನ ಮಗನಿಗೆ ಅದು ದಕ್ಕುತ್ತದೆಯೇ ಎಂದು ತೋರಿಸುವುದು ನನ್ನ ಉದ್ದೇಶ. ಎಲ್ಲಿ ಹೋದರೂ ದುರ್ಬೀನನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲು ಒಂದು ಕೋಣೆಯ ಕಿಟಕಿ ಬಾಗಿಲು ಮುಚ್ಚಿಸುತ್ತಿದ್ದೆ. ಕಾಲೇಜಿನಲ್ಲಿ ಮೊದಲ ವರ್ಷದವರಿಗೂ ಅದೇ ಮೊದಲ ಪಾಠ. ಅಲ್ಲಿ ಬಾರಕೋಲು ಸಿಗದೆ ಬೆತ್ತ ಉಪಯೋಗಿಸಿದೆ, ಅಷ್ಟೇ ಫರಕು. ಆ ಪಾಠ ಕಲಿಸಲು ನನಗೆ ಒಂದು ದಿನ ಬಿಟ್ಟುಕೊಟ್ಟ ಗುರುಗಳಿಗೆ, ಬಾಗಿಲು ತೆರೆದ ಗೌಡಸಾನಿಯವರಿಗೆ, ಬಿಸಿಲಲ್ಲಿ ಕೊಡ ಹೊತ್ತು ನಿಂತ ಆ ಸೊಸೆಗೆ ನಾನು ಋಣಿ. ಅವ್ವನ ಋಣದ ಮಾತೇ ಬೇರೆ, ಅದು ತೀರುವಂಥದ್ದಲ್ಲ.

ಪದವಿ ಪಡೆದ ವರ್ಷ ಕರಿಯ ಗೌನು ತೊಟ್ಟು ಒಂದು ಫೋಟೋ ತೆಗೆಸಿದ್ದೆ. ಅದನ್ನು ಅಪ್ಪ ಗೌಡರಿಗೆ ತೋರಿಸಲು ಹೋದ, ನಾನೂ ಹಿಂದೆ ಹೋದೆ. ಅಪ್ಪ ಎಂದಿನಂತೆ ಕಟ್ಟೆಯ ಕೆಳಗೆ ನಿಂತ. ಗೌಡರು ಫೋಟೋ ತೆಗೆದುಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು.

"ಇಂವ ಯಾರೋ? ಗುರುತ ಹತ್ತವಲ್ದು."

"ನನ್ನ ಮಗಾ ರೀ ಗೌಡ್ರ," ಅಂದ ಅಪ್ಪ, ಮುಖ ಸಣ್ಣದು ಮಾಡಿಕೊಂಡು.

ಗೌಡರು ಫೋಟೋವನ್ನು ತಲೆಕೆಳಗೆ ತಿರುಗಿಸಿದರು. "ಹಾಂ, ಈಗ ಹತ್ತಿತು ನೋಡು. ನಮ್ಮ ದುರ್ಬೀನ ಮಾಸ್ತರ." ಆಮೇಲೆ ಕಟ್ಟೆಯ ಮೇಲೆ ತಮ್ಮ ಪಕ್ಕಕ್ಕೆ ಕೈ ತೋರಿಸಿ ಅಪ್ಪನಿಗೆ ಹೇಳಿದರು, "ಮ್ಯಾಲ ಬಾ, ಕುಂದ್ರು. ಪಾಸಾದವನ ಅಪ್ಪ ಯಾಕ ನಿಂತಿದಿ?"

ಅಪ್ಪ ಕೂತ. ಕೂತ ಮೇಲೆ ಫೋಟೋವನ್ನು ಗೌಡರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ನೆಟ್ಟಗೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡ.